ಹೊಸ ಕಣ್ಣಿಗೆ ಸರಿದ ಗೋಡೆ

ರಾತ್ರಿ ಒಂದೂವರೆ ಗಂಟೆಗೆ ಹೊರಗಡೆ ‘ಟಕ್’ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಟಕ್’.

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕತ್ತಲಾದ ಮೇಲೆ ನರಿ ಕೂಗುವುದು ನಮಗೆ ಅಭ್ಯಾಸವಾಗಿತ್ತು. ಆದರೆ ‘ಟಕ್’ ಎನ್ನುವ ನರಿಯನ್ನು ನಾನು ಕೇಳಿರಲಿಲ್ಲ. ಹೆದರುವ ವಿಷಯದಲ್ಲಿ ನಮ್ಮ ಮನೆಯಲ್ಲಿ ನಾನೇ ಮುಂದು. ಮುಂಬಾಗಿಲ ಅಗುಳಿಯನ್ನು ಪ್ರತಿ ರಾತ್ರಿ ಮೂರು ಸಲ ಎಳೆದು ನೋಡಿ ಮಲಗುವವಳು. ಎದ್ದು ಹೋಗಿ ನೋಡಿದರೆ ಅಗುಳಿ ತೆಗೆದಿತ್ತು. ಕಳ್ಳ ಒಳಗಿನಿಂದ ಹೊರಗೆ ಹೋಗಿದ್ದ.

ಕಳ್ಳ ನಮ್ಮ ಅಪ್ಪ. ತಲೆಗೆ ಉಣ್ಣೆಯ ಟೋಪಿ, ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಎರಡಡಿಯ ಮರದ ಸ್ಕೇಲು, ಮೂಗಿನ ಮೇಲೆ ಆ ದಿನ ಸಂಜೆಯಷ್ಟೇ ಬಂದಿದ್ದ ಹೊಸ ಕನ್ನಡಕ. ಪಕ್ಕದ ಬೈರಣ್ಣನ ಮನೆಗೂ ನಮಗೂ ನಡುವೆ ಇದ್ದ ಕಾಂಪೌಂಡ್ ಗೋಡೆಯನ್ನು ಸ್ಕೇಲಿನಿಂದ ಕುಟ್ಟಿ, ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡುತ್ತಿದ್ದರು.

“ಅಪ್ಪಾ, ಏನ್ ಮಾಡ್ತಿದೀರಾ?”

“ಮೆತ್ತಗೆ ಮಾತಾಡು. ಗೋಡೆ ಸರಿದಿದೆ.”

“ಎಲ್ಲಿಗೆ?”

“ನಮ್ಮ ಕಡೆಗೆ! ಒಂದೂಕಾಲು ಅಡಿ. ಸಾಲದ್ದಕ್ಕೆ ಮಧ್ಯದಲ್ಲಿ ಹೊಟ್ಟೆ ಬೇರೆ ಬಿಟ್ಟಿದೆ. ನಾನು ಕಣ್ಣು ಕಟ್ಟಿಸಿಕೊಂಡು ಮಲಗಿದ್ದಾಗ ಆ ಬೈರಣ್ಣ ಕಿತ್ತು ಕಟ್ಟಿದಾನೆ ಕಣೇ.”

ಅಪ್ಪನ ಹೆಸರು ಶಾಮಣ್ಣ. ಸರ್ಕಾರದ ನಕ್ಷೆ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗೆರೆ ಎಳೆದು ಹೆಡ್ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. “ಸ್ಕೇಲು ಸರಿಯಿದೆಯೋ ಇಲ್ಲವೋ ನನ್ನ ಕಣ್ಣು ಹೇಳುತ್ತೆ, ನನ್ನ ಕಣ್ಣಿನ ವಿಚಾರ ಸ್ಕೇಲು ಹೇಳಬೇಕಾಗಿಲ್ಲ” ಎಂಬುದು ಅವರ ಸಿದ್ಧಾಂತ. ಮದುವೆಮನೆಗೆ ಹೋದರೆ ಅಕ್ಷತೆಗೆ ಮುಂಚೆ ಚಪ್ಪರದ ಕಂಬ ಓರೆಯಾಗಿದೆಯೆಂದು ಘೋಷಿಸುತ್ತಿದ್ದರು. ನನ್ನನ್ನು ನೋಡಲು ಬಂದಿದ್ದ ಗಂಡಿನ ತಂದೆಗೆ, ಅವರ ಮೀಸೆ ಎಡಗಡೆ ಕಾಲಿಂಚು ಉದ್ದವಿದೆಯೆಂದು ಉಪ್ಪಿಟ್ಟು ಬರುವ ಮೊದಲೇ ತಿಳಿಸಿದರು. ನಾನು ಆ ಹೊತ್ತಿಗೆ ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಆಮೇಲೂ ಬಹಳ ವರ್ಷ ಅದನ್ನೇ ಮಾಡಿಕೊಂಡಿದ್ದೆ.

ಇಂಥ ಕಣ್ಣಿಗೆ ಪೊರೆ ಬಂತು. ಬಂದಿದೆಯೆಂದು ಅಪ್ಪ ಒಪ್ಪಲಿಲ್ಲ. ಎದುರುಮನೆಯ ಸೇತುರಾಮಯ್ಯನವರ ಗೇಟಿನ ಕಂಬಕ್ಕೆ ನಮಸ್ಕಾರ ಹೇಳಿ, ಅದು ಮರುನಮಸ್ಕಾರ ಹೇಳಲಿಲ್ಲವೆಂದು ಸೇತುರಾಮಯ್ಯನವರ ಜೊತೆ ಒಂದು ತಿಂಗಳು ಮಾತು ಬಿಟ್ಟರು. ಕೊನೆಗೆ ಅಪ್ಪನನ್ನು ಕೈಹಿಡಿದು ಎಬ್ಬಿಸಿ, ತನ್ನ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಕೂರಿಸಿ, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ಬೈರಣ್ಣನೇ. ಪಕ್ಕದ ಬೈರಸಂದ್ರ ಹಳ್ಳಿಯವನು. ಬಡಾವಣೆ ಆಗುವ ಮೊದಲು ಈ ಜಾಗವೆಲ್ಲ ಅವರ ಹೊಲ.

ಬಲಗಣ್ಣಿಗೆ ಮಾತ್ರ ಆಪರೇಷನ್ ಆಯಿತು. ಎಡಗಣ್ಣಿನ ಪೊರೆ ಇನ್ನೂ ಬಲಿಯಬೇಕಂತೆ. ಹತ್ತು ದಿನ ಅಲುಗಾಡದೆ ಅಂಗಾತ ಮಲಗಿರಬೇಕು. ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟರು. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: “ಕೆಮ್ಮಬಾರದು, ಸೀನಬಾರದು, ಮುಖ್ಯವಾಗಿ ಸಿಟ್ಟು ಮಾಡ್ಕೋಬಾರದು. ಹೊಲಿಗೆ ಬಿಚ್ಚಿಹೋಗುತ್ತೆ.”

ನಮ್ಮ ತಾಯಿ ಚೂಡಾಮಣಿಯವರು ಮದುವೆಯಾಗಿ ಮೂವತ್ತೆರಡು ವರ್ಷ ಇಂಥ ಹತ್ತು ದಿನಕ್ಕಾಗಿ ಕಾದಿದ್ದರೆಂದು ಕಾಣುತ್ತದೆ. ಸ್ಟೂಲು ಎಳೆದುಕೊಂಡು ಮರಳಿನ ಚೀಲದ ಪಕ್ಕ ಕೂತು ಹಳೆಯ ವಿಷಯಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಮೀಸೆಯ ವಿಷಯಕ್ಕೇ ಒಂದೂವರೆ ದಿನ ಹಿಡಿಯಿತು. ಅಪ್ಪನ ಕಾಲಿನ ಹೆಬ್ಬೆರಳು ಮಾತ್ರ ಅದುರುತ್ತಿತ್ತು. ಹತ್ತು ದಿನದ ಸಿಟ್ಟು ಹೊರಗೆ ಬರದೆ ಒಳಗೇ ಉಳಿಯಿತು. ಅದು ಯಾರ ಮೇಲಾದರೂ ಬೀಳಲೇಬೇಕಿತ್ತು.

ಆರು ವಾರ ಕಳೆದ ಮೇಲೆ ಚಿಕ್ಕಪೇಟೆಯ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯವರು ತಿಳಿದವರು, ತಾಳ್ಮೆಯವರು. “ಕಣ್ಣೊಳಗಿದ್ದ ಸ್ವಂತ ಲೆನ್ಸು ಮಂಜಾಗಿತ್ತು, ತೆಗೆದುಬಿಟ್ಟಿದಾರೆ ಸಾರ್. ಅದರ ಕೆಲಸ ಇನ್ಮೇಲೆ ಈ ಗಾಜು ಮಾಡಬೇಕು” ಎಂದು ಎರಡು ಬಗೆಯ ಗಾಜು ಮುಂದಿಟ್ಟರು. ಒಂದು ನಡುವೆ ಮಾತ್ರ ಉಬ್ಬಿದ್ದು, ಹಗುರ. ಇನ್ನೊಂದು ಅಂಚಿನವರೆಗೂ ಉಬ್ಬಿದ ದಪ್ಪ ಗಾಜು. “ಹಗುರದ್ದೇ ತಗೊಳ್ಳಿ. ಗೆರೆಗಳು ಕಮ್ಮಿ ಬಾಗ್ತವೆ.”

ಅಪ್ಪ ಹಗುರದ್ದನ್ನು ಬೆರಳ ತುದಿಯಲ್ಲಿ ಎತ್ತಿದರು. “ದೋಸೆ ಮೇಲೆ ವಡೆ ಇಟ್ಟಂಗಿದೆ. ಯಾರಾದ್ರೂ ಮಾರ್ಕೆಟ್ಟಿನವರಿಗೆ ಕೊಡಿ. ನಾನು ಹೆಡ್ ಡ್ರಾಫ್ಟ್ಸ್‌ಮನ್ ಆಗಿದ್ದವನು. ನನಗೆ ಪೂರ್ತಿ ಗಾಜು ಬೇಕು.”

“ಸಾರ್, ಯಾವುದು ಹಾಕಿದ್ರೂ ಎಲ್ಲಾ ಕಾಲುಭಾಗ ದೊಡ್ಡದಾಗಿ ಕಾಣುತ್ತೆ, ಹತ್ತಿರ ಬಂದ ಹಾಗಿರುತ್ತೆ. ಪೂರ್ತಿ ಗಾಜಲ್ಲಿ ನೆಟ್ಟಗಿರೋದೂ ಬಾಗುತ್ತೆ. ಮತ್ತೆ ಇದು ದೂರ ನೋಡೋಕೆ ಮಾತ್ರ. ಓದೋಕೆ ಇನ್ನೊಂದು ಜೊತೆ ಬೇಕು.”

“ಒಂದು ಕಣ್ಣಿಗೆ ಎರಡು ಕನ್ನಡಕವೇ? ನಾನೇನು ನಾಲ್ಕು ತಲೆ ಬ್ರಹ್ಮನೇ? ಒಂದು ಸಾಕು.”

ಕುರುಡಾಗಿದ್ದ ಮನುಷ್ಯನಿಗೆ ಕಣ್ಣು ಕೊಡಲು ಎಷ್ಟೋ ಜನ ಎಷ್ಟೋ ಶ್ರಮಪಟ್ಟಿದ್ದರು. ಕಿವಿಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಕನ್ನಡಕ ಬಂತು. ಅದರ ಭಾರಕ್ಕೆ ಮೂಗಿನಿಂದ ಜಾರುತ್ತಿತ್ತು, ಅಮ್ಮ ಹಿಂದಿನಿಂದ ಲಾಡಿ ಕಟ್ಟಿದರು. ಅದರ ಹಿಂದೆ ಅಪ್ಪನ ಕಣ್ಣು ನಿಂಬೆಹಣ್ಣಿನಷ್ಟು ಕಾಣುತ್ತಿತ್ತು. ಆ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆ, ಅದೂ ಆ ರಾತ್ರಿ.

ಬೆಳಗ್ಗೆ ಇಡ್ಲಿಯ ತಟ್ಟೆ ನೋಡಿ ಅಪ್ಪ, “ಪರವಾಗಿಲ್ಲ ಕಣೇ, ಈಗ ಕೈ ಧಾರಾಳ ಆಗಿದೆ” ಎಂದರು. ಅಮ್ಮನಿಗೆ ಖುಷಿಯಾಯಿತು. ನಾನು, “ಇಡ್ಲಿ ಅದೇ ಅಮ್ಮ, ಗಾಜು ದೊಡ್ಡದು ಮಾಡಿ ತೋರಿಸ್ತಿದೆ” ಎಂದದ್ದೇ ತಡ, ಖುಷಿ ಸಿಟ್ಟಾಯಿತು. ನಾನು ಸ್ಲೇಟು ತಂದು ಉಬ್ಬು ಗಾಜಿನ ಚಿತ್ರ ಬರೆದೆ. ಬೆಳಕಿನ ಗೆರೆ ಹೇಗೆ ಬಾಗುತ್ತದೆ, ವಸ್ತು ಯಾಕೆ ದೊಡ್ಡದಾಗಿ ಕಾಣುತ್ತದೆ ಎಂದು, ನನ್ನ ಎಂಟನೇ ಕ್ಲಾಸಿನ ಹುಡುಗಿಯರು ಒಂದೇ ಸಲಕ್ಕೆ ಅರ್ಥಮಾಡಿಕೊಳ್ಳುವ ಪಾಠವನ್ನು ಎರಡು ಸಲ ಹೇಳಿದೆ. ಅಪ್ಪ ಸ್ಲೇಟನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

“ಈ ಗೆರೆ ನೆಟ್ಟಗಿಲ್ಲ.”

“ಅಪ್ಪಾ, ಗೆರೆ ನೆಟ್ಟಗಿದೆ. ಅದನ್ನೇ ನಾನು…”

“ಮೂವತ್ತನಾಲ್ಕು ವರ್ಷ ಗೆರೆ ಎಳೆದವನಿಗೆ ಗೆರೆ ಹೇಳಿಕೊಡ್ತೀಯಾ?”

“ಹಾಗಾದ್ರೆ ಟೇಪು ತರ್ತೀನಿ. ನಾನೇ ಅಳೀತೀನಿ.”

“ಮನೆಯವರ ಅಳತೆ ಯಾವ ಕೋರ್ಟಿನಲ್ಲೂ ನಿಲ್ಲೋಲ್ಲ” ಎಂದು ಎದ್ದು, ಹೊಸಲನ್ನು ಬೆಟ್ಟದಂತೆ ದಾಟಿ ಹೊರಗೆ ಹೋದರು.

ಬೈರಣ್ಣ ತನ್ನ ಕಡೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಅವನು ಗೋಡೆಗೆ ಒರಗಿಸಿ ಹೊಸ ಕೊಟ್ಟಿಗೆ ಹಾಕಿದ್ದ. ಹಸು ಕರು ಹಾಕಿ ಹದಿನೈದು ದಿನವಾಗಿತ್ತು. ಎದೆಯೆತ್ತರದ ಗೋಡೆ. ಅಪ್ಪ ಅದರ ಮೇಲೆ ಕೈಯಿಡಲು ಹೋದರು, ಕೈ ಗೋಡೆಗಿಂತ ಈಚೆಯೇ ಗಾಳಿಯಲ್ಲಿ ಕೂತಿತು, ಅಪ್ಪ ಮುಗ್ಗರಿಸಿದರು.

“ನೋಡ್ದಾ? ಎಡವೋ ಹಾಗೆ ಕಟ್ಟಿದೀಯ!”

“ಏನ್ ಸ್ವಾಮಿ, ಕಣ್ಣು ಚೆನ್ನಾಗಿ ಕಾಣ್ತವಾ?” ಎಂದ ಬೈರಣ್ಣ, ನಗುತ್ತಲೇ.

“ಚೆನ್ನಾಗಿ ಕಾಣ್ತಿದೆ! ನಿನ್ನ ಕಳ್ಳತನವೂ ಕಾಣ್ತಿದೆ! ಕಣ್ಣಿಲ್ಲದವನ ಗೋಡೆ ಕದಿಯೋಕೆ ನಾಚಿಕೆ ಆಗಲಿಲ್ವಾ?”

ಬೈರಣ್ಣ ಹುಲ್ಲಿನ ಹೊರೆಯನ್ನು ಕೆಳಗಿಟ್ಟ. ನಗು ಮುಖದಲ್ಲಿ ಇರಲಿಲ್ಲ.

“ಸ್ವಾಮಿ, ನೀವು ನಿಂತಿರೋದು ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಜಾಗ. ನಿಮ್ಮ ದೇವರ ಮನೆ ಐತಲ್ಲ, ಅಲ್ಲಿ ನಮ್ಮ ಹುಣಸೆಮರ ಇತ್ತು. ಎಂಟೆಕರೆ ತಗಂಡು ನನಗೆ ಈ ಒಂದು ಸೈಟು ಬುಟ್ರು. ಎಂಟೆಕರೆ ಹೋದಾಗ ಬಾಯಿ ಬಿಡದೇ ಇದ್ದೋನು ನಿಮ್ಮ ಒಂದಡಿ ಕದಿಯಾಕೆ ಬತ್ತೀನಾ?”

“ಅದೇ ಕಾರಣ! ಹೋದ ಎಂಟೆಕರೇನ ಒಂದೊಂದೇ ಅಡಿ ವಾಪಸ್ ತಗೊಳ್ತಿದೀಯ! ನಮ್ಮ ಮನೆಯಿಂದ ಶುರುಮಾಡಿದೀಯ!”

ಬೈರಣ್ಣನ ಹೆಂಡತಿ ಮಂಗಮ್ಮ ಹಾಲಿನ ಚೊಂಬು ಹಿಡಿದು ನಮ್ಮ ಗೇಟಿಗೆ ಬಂದಿದ್ದಳು. ಇಷ್ಟನ್ನು ಕೇಳಿ ಚೊಂಬನ್ನು ಹಾಗೇ ವಾಪಸು ತಿರುಗಿಸಿದಳು.

“ಚೂಡಾಮಣಮ್ನೋರೇ, ಇನ್ಮ್ಯಾಕೆ ಹಾಲಿಲ್ಲ. ಕಳ್ಳರ ಹಸು ಹಾಲು. ಕುಡಿದು ನಿಮ್ಗೆ ಪಾಪ ಸುತ್ಕೊಂಡೀತು.”

“ಮಂಗಮ್ಮಾ, ಅವರ ಮಾತು ಬಿಡೇ, ಅವರಿಗೆ ಕಣ್ಣು…”

“ಕಣ್ಣು ನಾವೇ ಗಾಡೀಲಿ ಹೊತ್ಕೊಂಡು ಹೋಗಿ ತೆಗೆಸಿದ್ದು. ನಾಲಗೇನೂ ತೆಗೆಸಬೇಕಿತ್ತು!”

ಇದು ಇಲ್ಲಿಗೇ ನಿಲ್ಲಬಹುದಿತ್ತು. ನಿಲ್ಲದಿದ್ದದ್ದಕ್ಕೆ ಕಾರಣ ಸೇತುರಾಮಯ್ಯನವರು. ರಿಟೈರಾದ ಹೆಡ್ ಕ್ಲರ್ಕು, ಮನೆಯಲ್ಲಿ ಸ್ವಂತ ಟೈಪ್‌ರೈಟರು. ಅರ್ಜಿ ಬರೆಯಲು ಯಾರ ಮನೆಯಲ್ಲೂ ಅನ್ಯಾಯವಾಗದೆ ಎರಡು ವರ್ಷ ಕೈಕಟ್ಟಿ ಕೂತಿದ್ದವರು. ಕಂಬದ ಜಗಳವನ್ನು ಮರೆತು ಓಡಿಬಂದರು. ಅಪ್ಪನನ್ನು ಕೂರಿಸಿಕೊಂಡು ಎರಡು ದಿನ ಅರ್ಜಿ ಬರೆದರು. ‘ಶಸ್ತ್ರಚಿಕಿತ್ಸೆಗೆ ಒಳಗಾಗಿ ಮರಳಿನ ಚೀಲಗಳ ನಡುವೆ ನಿಸ್ಸಹಾಯಕನಾಗಿ ಮಲಗಿದ್ದ ಅರ್ಜಿದಾರನ ಅಂಧತ್ವವನ್ನು ದುರುಪಯೋಗಪಡಿಸಿಕೊಂಡು’ ಎಂದು ಶುರುವಾಗಿ, ‘ಸದರಿ ಕೊಟ್ಟಿಗೆಯನ್ನು ತಕ್ಷಣ ಕೆಡವಿಸಬೇಕಾಗಿ’ ಎಂದು ಮುಗಿಯುತ್ತಿತ್ತು. ಹನ್ನೊಂದು ಪ್ರತಿ. ಅಪ್ಪ ಸಹಿಯನ್ನು ಕಾಗದದಿಂದ ಸ್ವಲ್ಪ ಹೊರಗೆ, ಮೇಜಿನ ಮೇಲೆ ಹಾಕಿದರು. ಎರಡನೇ ಪ್ರಯತ್ನಕ್ಕೆ ಕಾಗದ ಸಿಕ್ಕಿತು.

“ಸೇತುರಾಮಯ್ಯನವರೇ, ನೀವಾದರೂ ಹೋಗಿ ಗೋಡೆ ನೋಡಿದ್ರಾ?” ಎಂದು ನಾನು ಕೇಳಿದೆ.

“ನೋಡೋದೇನಮ್ಮ? ಶಾಮಣ್ಣನವರ ಕಣ್ಣಿಗಿಂತ ಸಾಕ್ಷಿ ಬೇಕಾ?”

“ಆ ಕಣ್ಣು ನಿಮ್ಮ ಕಂಬಕ್ಕೆ ನಮಸ್ಕಾರ ಹೇಳಿತ್ತು.”

“ಅದು ಹಳೇ ಕಣ್ಣು. ಇದು ಹೊಸದು.”

ಮೂರು ವಾರ ನಮ್ಮ ಮನೆಯಲ್ಲಿ ಕಾಫಿಗೆ ಡಬ್ಬಿಯ ಹಾಲು. ಅಮ್ಮ ಪ್ರತಿ ಲೋಟವನ್ನೂ ಅಪ್ಪನ ಮುಂದೆ ‘ಕುಡೀರಿ, ನಿಮ್ಮ ಗೋಡೆ ಕರೆದ ಹಾಲು’ ಎಂದು ಕುಕ್ಕುತ್ತಿದ್ದರು. ಲೋಟ ಎಲ್ಲಿದೆಯೆಂದು ಅಪ್ಪನಿಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ಬಡಾವಣೆಯ ಆಫೀಸಿನಿಂದ ಸರ್ವೇಯರ್ ಅನಂತರಾಮು ಸೈಕಲ್ಲಿನಲ್ಲಿ ಬಂದ. ಹ್ಯಾಂಡಲ್ಲಿಗೆ ನಕ್ಷೆಯ ಕೊಳವೆ, ಹಿಂದೆ ಚರ್ಮದ ಡಬ್ಬಿಯ ಟೇಪು. ಬೀದಿಯವರೆಲ್ಲ ಗೇಟಿನ ಬಳಿ ಸೇರಿದರು. ಇಳಿಯುವ ಮೊದಲೇ ಅವನಿಗೆ ಸಿಟ್ಟು.

“ಯಾರ್ರೀ ಅದು ಹನ್ನೊಂದು ಪ್ರತಿ ಕಳಿಸಿದ್ದು? ಹನ್ನೊಂದು ಮೇಜಿಂದ ಹನ್ನೊಂದು ಜನ ನನ್ನನ್ನೇ ಕೇಳ್ತಾರೆ. ಟೇಪು ಹಿಡಿಯೋ ಚೈನ್‌ಮ್ಯಾನ್‌ಗೆ ಜ್ವರ, ಒಬ್ಬನೇ ಬಂದಿದೀನಿ. ನೋಡಿ, ನಿಮ್ಮ ಸೈಟು ಅಡ್ಡ ನಲವತ್ತು ಅಡಿ. ಆ ಕಡೆ ಗಡಿಕಲ್ಲಿಂದ ಈ ಗೋಡೆವರೆಗೆ ನಲವತ್ತಕ್ಕಿಂತ ಕಮ್ಮಿ ಬಂದರೆ ಬೈರಣ್ಣ ಒತ್ತುವರಿ ಮಾಡಿದಾರೆ, ಕೊಟ್ಟಿಗೆ ಒಡೀಬೇಕು. ಹೆಚ್ಚು ಬಂದರೆ ನೀವು ಅವರ ಜಾಗ ಒತ್ತಿದೀರಿ. ಆಗ ನಿಮ್ಮದೇನಿದೆಯೋ ಅದು ಒಡೀಬೇಕು. ಒಪ್ಪಿಗೆಯಾ?”

“ಒಪ್ಪಿಗೆ!” ಎಂದರು ಅಪ್ಪ, ಗುಡುಗಿದಂತೆ.

ಆ ಗೋಡೆಗೆ ನಮ್ಮದೇನಿತ್ತೆಂದರೆ ಬಚ್ಚಲಮನೆ. ಅದಕ್ಕಂಟಿ ಅಡಿಗೆಮನೆ. ಅಮ್ಮ ಹಂಡೆಯ ಕಡೆ ನೋಡಿದರು.

“ಗೋಡೆ ತುದಿ ಹಿಡಿದು ಅಳತೆ ಓದೋಕೆ ಒಬ್ಬರು ಬೇಕು” ಎಂದ ಅನಂತರಾಮು.

ಅಪ್ಪ ಮುಂದೆ ಬಂದು, ಟೇಪಿನ ಮೇಲೆ ಬಗ್ಗಿ, ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಮತ್ತೆ ಎತ್ತಿದರು. ಹತ್ತಿರದ ಅಂಕೆಗಳು ಆ ಗಾಜಿಗೆ ಬರಿಯ ಮಂಜು. ಓದುವ ಕನ್ನಡಕ ಬೇಡವೆಂದವರು ತಾವೇ. ಬೀದಿಯವರೆಲ್ಲ ನೋಡುತ್ತಿದ್ದರು. ಅಪ್ಪ ನೆಟ್ಟಗೆ ನಿಂತು ಕೂಗಿದರು: “ನನ್ನ ಮಗಳು ಓದ್ತಾಳೆ. ಬಿ.ಎಸ್ಸಿ.! ಫಿಸಿಕ್ಸು!”

ನನ್ನ ಡಿಗ್ರಿಯ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು.

“ಎದುರು ಪಾರ್ಟಿ ಒಪ್ತೀರಾ?”

ಬೈರಣ್ಣ ಗೋಡೆಯ ಆಚೆಯಿಂದ, “ಆಯಮ್ಮ ಸುಳ್ಳು ಹೇಳಲ್ಲ. ಓದ್ಲಿ” ಎಂದ.

ಅನಂತರಾಮು ಗಡಿಕಲ್ಲಿನ ಬಳಿ ಟೇಪಿನ ಉಂಗುರ ಹಿಡಿದು ಕೂತ. ಅಪ್ಪ ಅಂಗಳದ ನಡುವೆ ನಿಂತು, ಟೇಪು ಜೋತುಬೀಳದಂತೆ ಬೆರಳ ಮೇಲೆ ಎತ್ತಿ ಹಿಡಿದರು. ನಾನು ಗೋಡೆಗೆ ಟೇಪು ಒತ್ತಿ ನೋಡಿದೆ.

ನಲವತ್ತು ಅಡಿ ಒಂಬತ್ತು ಇಂಚು.

ಮತ್ತೆ ಎಳೆದು ಬಿಗಿಮಾಡಿ ನೋಡಿದೆ. ನಲವತ್ತು ಅಡಿ ಒಂಬತ್ತು ಇಂಚು. ಗೋಡೆ ಸರಿದದ್ದು ನಿಜ. ಆದರೆ ಆಚೆಗೆ. ಬೈರಣ್ಣನ ಜಾಗಕ್ಕೆ. ಆರು ವರ್ಷದ ಹಿಂದೆ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ, ದಾರ ಹಿಡಿದು, ಗೂಟ ಹೊಡೆದು, ಆ ಗೋಡೆಗೆ ಗೆರೆ ಹಾಕಿದ್ದು ಸಾಕ್ಷಾತ್ ಹೆಡ್ ಡ್ರಾಫ್ಟ್ಸ್‌ಮನ್ ಶಾಮಣ್ಣನವರು.

“ಎಷ್ಟಮ್ಮಾ?” ಅನಂತರಾಮು ಕೂಗಿದ.

ನಾನು ತಲೆಯೆತ್ತಿದೆ. ಬೈರಣ್ಣ ಗೋಡೆಯ ಮೇಲೆ ಮೊಣಕೈಯೂರಿ ನನ್ನ ಬೆರಳನ್ನೇ ನೋಡುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು.

“ಗೊತ್ತು ಕಣವ್ವ” ಎಂದ, ನನಗೆ ಮಾತ್ರ ಕೇಳುವಂತೆ. “ಕಟ್ಟಿದ ದಿನದಿಂದ ಗೊತ್ತು. ನಿಮ್ಮಪ್ಪ ಅವತ್ತೇ ಗೂಟ ಬುಟ್ಟು ನೆಲಕ್ಕೆ ಸುತ್ತಿಗೆ ಹೊಡೀತಿದ್ರು. ಕಣ್ಣು ತೋರಿಸ್ರಿ ಸ್ವಾಮಿ ಅಂತ ಆವಾಗಿಂದ ಬಡ್ಕಂತಿದ್ದೀನಿ.”

“ಗೋಡೆ ವಿಷಯ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೇಳೋ ಜನವಾ ನೀವು?”

“ಎಷ್ಟಮ್ಮಾ? ಬಿಸಿಲು!” ಎಂದ ಅನಂತರಾಮು.

“ಏನೇ ಅದು, ಅಂಕೆ ಮರೆತುಹೋಯ್ತಾ?” ಎಂದರು ಅಪ್ಪ.

ಬೈರಣ್ಣ ಹಲ್ಲು ಕಚ್ಚಿ ಹೇಳಿದ: “ನಲವತ್ತು ಅಂತ ಕೂಗು. ಕೂಗವ್ವ! ಎಂಟೆಕರೆ ಹೋದೋನು ನಿಮ್ಮ ಬಚ್ಚಲು ಒಡೆದು ಒಂಬತ್ತು ಇಂಚಲ್ಲಿ ರಾಗಿ ಬಿತ್ತಲಾ? ಕೂಗಿ ಆಚೆ ಕಳಿಸು ಅವನ್ನ. ನಂಗೆ ಕಾಯಿಸಿದ ಹಾಲು ಉಕ್ಕೋ ಹಂಗೆ ಸಿಟ್ಟು ಉಕ್ತಾ ಐತೆ.”

ನಾನು ಕೂಗಿದೆ. “ನಲವತ್ತು ಅಡಿ! ಸರಿಯಾಗಿ!”

ಅನಂತರಾಮು ಬರೆದುಕೊಂಡು, ಟೇಪು ಸುತ್ತಿ, ಹನ್ನೊಂದು ಪ್ರತಿಗಳನ್ನೂ ಸೇತುರಾಮಯ್ಯನವರ ಕೈಗೆ ಹಾಕಿ, “ಇನ್ನೊಂದ್ಸಲ ಕಳಿಸಿದ್ರೆ ನಿಮ್ಮ ಮನೇನೂ ಅಳೀತೀನಿ” ಎಂದು ಹೊರಟುಹೋದ. ಸೇತುರಾಮಯ್ಯನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಪ್ಪ ಅಷ್ಟು ಸುಲಭಕ್ಕೆ ಸೋಲುವವರಲ್ಲ. ಮೊದಲು ಸರ್ಕಾರದ ಟೇಪು ಹಳೆಯದು, ಮಳೆಯಲ್ಲಿ ನೆನೆದು ನೆನೆದು ಕುಗ್ಗಿದೆ ಎಂದರು. ಆಮೇಲೆ, ಸರ್ವೇಯರು ಬರುವ ಸುದ್ದಿ ತಿಳಿದು ಬೈರಣ್ಣ ರಾತ್ರೋರಾತ್ರಿ ಗೋಡೆಯನ್ನು ಸರಿಯಾದ ಜಾಗಕ್ಕೆ ವಾಪಸು ಇಟ್ಟಿದ್ದಾನೆ ಎಂದರು. ಕೊನೆಗೆ ಗೋಡೆಯ ಬಳಿ ಹೋಗಿ ದೊಡ್ಡ ದನಿಯಲ್ಲಿ ಹೇಳಿದರು: “ಹೋಗಲಿ ಬೈರಣ್ಣ. ಆದದ್ದು ಆಯ್ತು. ನಿನ್ನನ್ನ ಕ್ಷಮಿಸಿದೀನಿ.”

ಬೈರಣ್ಣ ಬಾಯಿ ತೆರೆದ. ನನ್ನ ಕಡೆ ನೋಡಿದ. ಬಾಯಿ ಮುಚ್ಚಿ ಕೊಟ್ಟಿಗೆಯೊಳಗೆ ಹೋಗಿ ಅರ್ಧ ಗಂಟೆ ಹಸುವನ್ನು ಬೈದ. “ಥೂ, ನಿನ್ನ ಜಲ್ಮಕ್ಕಿಷ್ಟು! ಉಣ್ಣೋದು ನನ್ನ ಮನೇಲಿ, ಒದೆಯೋದೂ ನನ್ನೇ! ಕಣ್ಣಿದ್ರೂ ಕುರುಡು!” ಹಸು ಪಾಪ, ಬಹಳ ಸಾಧು. ಬೈಗುಳ ಯಾರಿಗೆಂದು ಇಡೀ ಬೀದಿಗೆ ತಿಳಿಯಿತು, ಒಬ್ಬರಿಗೆ ಬಿಟ್ಟು.

ಹದಿನೈದು ದಿನಕ್ಕೆ ಹಾಲು ಮತ್ತೆ ಬಂತು. ನೊರೆ ಮೊದಲಿಗಿಂತ ಜಾಸ್ತಿ, ಹಾಲು ಕಮ್ಮಿ ಇರುತ್ತಿತ್ತು. ಅಮ್ಮ ಅದನ್ನೇ ಎರಡು ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು.

ಎರಡು ತಿಂಗಳ ಮೇಲೆ ಡಾಕ್ಟರೇ ಗದರಿಸಿ ಓದುವ ಕನ್ನಡಕವನ್ನೂ ಬರೆದುಕೊಟ್ಟರು. ಅದು ಬಂದ ಮಾರನೆಯ ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಹೊರಗೆ ‘ಟಕ್’ ಎಂದಿತು.

ಕಿಟಕಿಯಿಂದ ನೋಡಿದೆ. ಅಪ್ಪ ತಮ್ಮ ಹಳೆಯ ಟೇಪಿನ ಉಂಗುರವನ್ನು ಗಡಿಕಲ್ಲಿನ ಬಳಿ ಮೊಳೆ ಹೊಡೆದು ಸಿಕ್ಕಿಸಿದ್ದರು. ಟೇಪು ಬಿಚ್ಚುತ್ತಾ ಗೋಡೆಯವರೆಗೆ ಬಂದರು. ದೂರದ ಕನ್ನಡಕ ತೆಗೆದು ಜೇಬಿಗಿಟ್ಟು, ಹತ್ತಿರದ್ದು ಹಾಕಿಕೊಂಡು, ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಹೋಗಿ ಮೊಳೆ ನೋಡಿ ಬಂದರು. ಮತ್ತೆ ಅಳೆದರು. ಮೂರನೇ ಸಲ ಅಳೆಯುವಾಗ ಗೋಡೆಯ ಆಚೆ ಬೈರಣ್ಣ ಕಾಣಿಸಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಏನ್ ಸ್ವಾಮಿ, ಮತ್ತೆ ಸರಿದೈತಾ?” ಎಂದ ಬೈರಣ್ಣ, ಖಾರವಾಗಿಯೇ.

ಅಪ್ಪ ಟೇಪು ಸುತ್ತಲು ಶುರುಮಾಡಿದರು. ಪೂರ್ತಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

“ಇಲ್ಲ ಬೈರಣ್ಣನವರೇ” ಎಂದರು. “ಸರಿಯಾಗಿದೆ. ಬಿಸಿಲಲ್ಲಿ ಯಾಕೆ ನಿಂತಿದೀರಿ? ಬನ್ನಿ, ಕಾಫಿ ಕುಡಿದು ಹೋಗಿ.”

ಒಳಗೆ ಬಂದಾಗ ಅಮ್ಮ ಎದ್ದಿದ್ದರು. “ಏನದು ಮಧ್ಯಾಹ್ನದ ಹೊತ್ತು ಟೇಪು? ಎಷ್ಟು ಬಂತಂತೆ?”

“ನಲವತ್ತು.” ಅಪ್ಪ ನನ್ನ ಕಡೆ ತಿರುಗಿದರು. ಆ ಕನ್ನಡಕದಲ್ಲಿ ಕಣ್ಣು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. “ನಲವತ್ತೇ ಅಲ್ವೇನೇ ವಾರಿಜಾ?”

“ಹೌದಪ್ಪ. ನಲವತ್ತೇ.”

ಮಾರನೆಯ ಬೆಳಗ್ಗೆ ಬಚ್ಚಲಮನೆಯಿಂದ ಅಮ್ಮನ ಕೂಗು ಕೇಳಿಸಿತು. “ಏನ್ರೀ ಇದು? ಮಣೆ ಯಾಕೆ ಎಳೆದಿದೀರಿ? ಗೋಡೆಯಿಂದ ಒಂದಡಿ ಈಚೆಗೆ ಬಂದು ಬಾಗಿಲಿಗೆ ಅಡ್ಡ ಕೂತಿದೀರಲ್ಲ, ಹಂಡೆ ಕೈಗೆಟುಕುತ್ತಾ?”

“ಅಲ್ಲಿ ಪಾಚಿ ಕಟ್ಟಿದೆ!” ಅಪ್ಪ ಗುಡುಗಿದರು. “ನನ್ನ ಮನೇಲಿ ನಾನು ಎಲ್ಲಿ ಬೇಕಾದ್ರೂ ಕೂತು ಸ್ನಾನ ಮಾಡ್ತೀನಿ! ಕೇಳೋಕೆ ನೀನ್ಯಾರು?”

ಪಾಚಿ ಇರಲಿಲ್ಲ, ಅಮ್ಮ ಹಿಂದಿನ ದಿನವಷ್ಟೇ ತೆಂಗಿನ ನಾರು ಹಾಕಿ ತಿಕ್ಕಿದ್ದರು. ಆದರೂ ಅಪ್ಪ ಆಮೇಲೆ ಒಂದು ದಿನವೂ ಆ ಗೋಡೆಯ ಪಕ್ಕದ ಒಂಬತ್ತು ಇಂಚಿನಲ್ಲಿ ಕೂರಲಿಲ್ಲ. ಬಾಗಿಲಿಗೆ ಅಡ್ಡವಾಗಿ, ಮಂಡಿ ಮಡಿಸಿ, ಕೈಗೆಟುಕದ ಹಂಡೆಯನ್ನು ಶಪಿಸುತ್ತಾ ಸ್ನಾನ ಮಾಡಿದರು. ಯಾಕೆಂದು ಯಾರಿಗೂ ಹೇಳುವುದಿಲ್ಲವೆಂದು ಅವರು ತೀರ್ಮಾನಿಸಿಯಾಗಿತ್ತು.